ಎರಡನೇ ಪಾಲು

ಗೆರಾಸ್ತಿಯ ಮಾಸ, 3. ಬೆಳಿಗ್ಗೆ

ಇವತ್ತೂ ಮಗನನ್ನು ಯೂರೋತಾಸ್ ಹೊಳೆದಂಡೆಗೆ ಕರೆದುಕೊಂಡು ಹೋಗಿ ಕೂಗಿಸಿದೆ. ಲಾಕ್ರಾತೆಸ್‌ಗೆ ಮೂವತ್ತೈದು. ಎದೆ ಎತ್ತಿನದು, ದನಿ ಬೆಕ್ಕಿನದು.

"ಅವ್ವಾ, ಗಂಟಲು ಹರಿದುಹೋಯ್ತು!"

"ಹರೀಲಿ. ಅಪ್ಪನ ಪಟ್ಟಕ್ಕಿಂತ ನಿನ್ನ ಗಂಟಲು ಹೆಚ್ಚಾ?"

ನಮ್ಮ ಸ್ಪಾರ್ಟಾದ ಹಿರಿಯರ ಸಭೆಯಲ್ಲಿ ಒಬ್ಬ ಸತ್ತ. ಒಂದು ಜಾಗ ಖಾಲಿ. ಅರವತ್ತು ದಾಟಿದವರಿಗೆ ಮಾತ್ರ, ಗೆದ್ದರೆ ಸಾಯುವವರೆಗೂ ಅವರದೇ. ನಿಂತವರು ಒಬ್ಬೊಬ್ಬರಾಗಿ ಜನರ ಮುಂದೆ ಬಾಯಿ ಮುಚ್ಚಿಕೊಂಡು ನಡೆಯಬೇಕು. ಜನ ಕೂಗಬೇಕು. ಬಾಗಿಲು ಹಾಕಿದ ಮನೆಯೊಳಗೆ ಕೂತವರು ನಡೆಯುತ್ತಿರುವುದು ಯಾರೆಂದು ತಿಳಿಯದೆ, ಎಷ್ಟನೆಯ ಕೂಗು ದೊಡ್ಡದು ಎಂದು ಬರೆಯುತ್ತಾರೆ. ಅಷ್ಟೆ. ಅಥೆನ್ಸಿನವರು ಕೇಳಿ ನಗುತ್ತಾರಂತೆ. ಚೀಟಿ ಎತ್ತಿದ ಹಾಗೆ ಕಾಳು ಎತ್ತಿ ಅಧಿಕಾರಿಗಳನ್ನು ಆರಿಸುವ ಜನ! ನಗಲಿ.

ನನ್ನ ಗಂಡ ಅಲ್ಕಿಪ್ಪೋಸ್ ಗೆದ್ದೇ ಗೆಲ್ಲುತ್ತಾನೆ.

4

ಮುಚ್ಚುಮರೆ ಯಾಕೆ... ನನಗೆ ಬೇಕಿರುವುದು ಅವನ ಪಟ್ಟವಲ್ಲ. ಗೆದ್ದವನಿಗೆ ಅಂದು ಸಂಜೆ ಗಂಡಸರ ಊಟದ ಮನೆಯಲ್ಲಿ ಎರಡು ಪಾಲು ಬಡಿಸುತ್ತಾರೆ. ಒಂದನ್ನು ತಾನು ಉಣ್ಣುತ್ತಾನೆ. ಇನ್ನೊಂದನ್ನು ಬಾಗಿಲಿಗೆ ತಂದು, ಅಲ್ಲಿ ನಿಂತ ಹೆಂಗಸರಲ್ಲಿ ತಾನು ಎಲ್ಲರಿಗಿಂತ ಗೌರವಿಸುವವಳಿಗೆ ಕೊಡುತ್ತಾನೆ. ಇಡೀ ಊರಿನ ಎದುರು. ಆ ಪಾಲು ನನಗೆ ಬೇಕು.

ನಾದಿನಿ ಮಿರ್ತಿಸ್ ಬಂದಿದ್ದಳು. "ಅತ್ತಿಗೆ, ಅಣ್ಣ ಅದನ್ನ ನನಗೇ ಕೊಡೋದು. ಒಡಹುಟ್ಟಿದವಳು ನಾನು."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ ಕಣೆ."

"ಅಯ್ಯೋ, ಹೊಲಿದು ಮಡಚಿ ಇಟ್ಕೊಂಡಿರೋರು ನೀವು!"

ಹಾಳಾದವಳು. ಹೇಳಿದ್ದು ನಿಜವೇ.

7

ಐವರು ನಿಂತಿದ್ದಾರೆ. ಅವರಲ್ಲಿ ಕ್ಸೆನಾರೆಸ್ ಒಬ್ಬ.

ಬರೆದೇಬಿಡುತ್ತೇನೆ. ಮೂವತ್ತಮೂರು ವರ್ಷದ ಹಿಂದೆ, ಮಕ್ಕಳಿಲ್ಲದ ಕ್ಸೆನಾರೆಸ್ ನಮ್ಮ ಮನೆಗೆ ಬಂದು ನನ್ನ ಗಂಡನನ್ನೇ ಕೇಳಿದ್ದ — ನಿನ್ನ ಹೆಂಡತಿಯಿಂದ ನನಗೊಂದು ಮಗು ಬೇಕು ಎಂದು. ನಮ್ಮಲ್ಲಿ ನಡೆಯುವ ಮಾತೇ. ಅಲ್ಕಿಪ್ಪೋಸ್ ಹೂಂ ಅಂದ. ನಾನೂ ಅಂದೆ. ಹುಟ್ಟಿದ ಅಗೆಸಾಂದ್ರ ಅವನ ಮನೆಯ ಮಗನಾದ. ಎರಡು ವರ್ಷದ ಹಿಂದೆ ಯುದ್ಧದಲ್ಲಿ ಬಿದ್ದ. ಮೂವತ್ತು ವಯಸ್ಸು. ಗಾಯ ಎದೆಗೆ, ಬೆನ್ನಿಗಲ್ಲ. ಊರೆಲ್ಲ ಹೋಗಿ ಕ್ಸೆನಾರೆಸ್‌ನನ್ನು ಹೊಗಳಿತು. ನನ್ನ ಹತ್ತಿರ ಯಾರೂ ಬರಲಿಲ್ಲ.

"ಕ್ಸೆನಾರೆಸ್ ನಿಂತಿದ್ದಾನೆ. ನಿನಗೇನಾದ್ರೂ..." ಅಂದ ಗಂಡ.

"ನನಗೇನು? ಅವನಿಗೆ ಕೂಗೋಕೆ ಮನೇಲಿ ಯಾರಿದ್ದಾರೆ? ಸೋಲ್ತಾನೆ ಬಿಡು."

ಅಂದಮೇಲೆ ನಾಲಗೆ ಕಚ್ಚಿಕೊಂಡೆ.

15. ಮಧ್ಯಾಹ್ನ

ಮುಗಿಯಿತು. ನಡೆದದ್ದು ಬರೆಯುತ್ತೇನೆ.

ಹೆಂಗಸರು ಗಡಿಕಲ್ಲಿನ ಆಚೆ. ಬಾಯಿ ಬಿಡುವಂತಿಲ್ಲ. ಎರಡನೆಯವನಾಗಿ ಅಲ್ಕಿಪ್ಪೋಸ್ ನಡೆದ. ಅಬ್ಬಾ, ಏನು ಕೂಗಿದರು! ಲಾಕ್ರಾತೆಸ್ ದನಿ ಎಲ್ಲರಿಗಿಂತ ಮೇಲೆ. ಗೆದ್ದೆವು ಅಂದುಕೊಂಡೆ. ಮಿರ್ತಿಸ್ ಖುಷಿಗೆ ನನ್ನ ತೋಳು ಚಿವುಟಿದಳು.

ನಾಲ್ಕನೆಯವನು ಕ್ಸೆನಾರೆಸ್. ಕುಂಟುತ್ತಾ ಬಂದ. ಜನ ಸುಮಾರಾಗಿ ಕೂಗಿದರು. ಮಗ ಅಗೆಸಾಂದ್ರ ಇದ್ದಿದ್ದರೆ ಮುಂದಿನ ಸಾಲಿನಲ್ಲಿ ನಿಂತು ಕೂಗುತ್ತಿದ್ದ. ಅಲ್ಲಿ ಯಾವನೋ ಒಬ್ಬ ಕಿವಿ ಕೆರೆದುಕೊಳ್ಳುತ್ತಾ ನಿಂತಿದ್ದ.

ಕೂಗಿಬಿಟ್ಟೆ. ಮಾತಿಲ್ಲ, ಹೆಸರಿಲ್ಲ. ಬರೀ ಕೂಗು.

ಎಲ್ಲರೂ ತಿರುಗಿ ನೋಡಿದರು. ನಾನು ಯಾರು, ಯಾರ ತಾಯಿ ಎಂದು ಗೊತ್ತಿಲ್ಲದವರು ಈ ಊರಲ್ಲಿಲ್ಲ. ಅಗೆಸಾಂದ್ರನ ಜೊತೆ ಕಾದಾಡಿದವರು ಮೊದಲು ಕೂಗಿದರು. ಆಮೇಲೆ ಇಡೀ ಬಯಲು. ಐದನೆಯವನೂ ನಡೆದು ಮುಗಿಸಿದ ಮೇಲೆ ಬಾಗಿಲು ತೆರೆಯಿತು. "ನಾಲ್ಕು" ಎಂದರು.

ನನ್ನ ಗಂಡನನ್ನು ನಾನೇ ಸೋಲಿಸಿದೆ.

16. ಬೆಳಿಗ್ಗೆ

ನಿನ್ನೆ ಸಂಜೆ ಊಟದ ಮನೆಯ ಬಾಗಿಲಿಗೆ ಹೋದೆ. ಅಡಗಿ ಕೂರುವ ಜಾಯಮಾನ ನನ್ನದಲ್ಲ.

"ಯಾವ ಮುಖ ಇಟ್ಕೊಂಡು ಬರ್ತೀರಿ, ಅತ್ತಿಗೆ?" ಅಂದಳು ಮಿರ್ತಿಸ್.

"ಇರೋದು ಒಂದೇ ಮುಖ. ಅದನ್ನೇ ತಂದಿದೀನಿ."

ಕ್ಸೆನಾರೆಸ್ ಪಾಲು ಹಿಡಿದು ಹೊರಗೆ ಬಂದ. ಅವನ ಅಕ್ಕ ಮುಂದೆ ನಿಂತು ಕೈ ಚಾಚಿದಳು. ಅವಳನ್ನು ದಾಟಿದ. ಹಿಂದಿನ ಸಾಲಿಗೆ, ನನ್ನ ಎದುರಿಗೆ ಬಂದು ನಿಂತ.

"ಅರೆತಾ, ಇದು ಊರು ನನಗೆ ಮರ್ಯಾದೆ ಅಂತ ಕೊಟ್ಟಿದ್ದು. ನಾನು ನನ್ನ ಮಗನ ತಾಯಿಗೆ ಕೊಡ್ತಿದೀನಿ."

ಮಗನ ತಾಯಿ. ಇಷ್ಟು ವರ್ಷದಲ್ಲಿ ಒಬ್ಬರೂ ಬಾಯಿಬಿಟ್ಟು ಅಂದಿರಲಿಲ್ಲ. ಅತ್ತುಬಿಟ್ಟೆ. ಸ್ಪಾರ್ಟಾದ ಹೆಂಗಸು ಅಳಬಾರದು ಅನ್ನುತ್ತಾರೆ. ಅಂದುಕೊಳ್ಳಲಿ.

ತಲೆ ಎತ್ತಿಕೊಂಡೇ ಮನೆಗೆ ಬಂದೆ. ಪಾಲಿಗೆ ಬಂದ ಮಾಂಸವನ್ನು ಮುಚ್ಚಿಟ್ಟೆ. ಈಗ ಅಲ್ಕಿಪ್ಪೋಸ್ ಎದ್ದು ಬಂದು ಮುಚ್ಚಳ ತೆಗೆದು ನೋಡಿದ.

"ತಿಂದಿಲ್ಲ ಯಾಕೆ?"

"ನಿನ್ನನ್ನ ಸೋಲಿಸಿ ಗಳಿಸಿದ್ದು. ಗಂಟಲಲ್ಲಿ ಇಳಿಯಲ್ಲ. ಮೊದಲು ಕೂಗಿದ್ದು ನಾನೇ."

"ಗೊತ್ತು. ನಿನ್ನ ದನಿ ನನಗೆ ಗೊತ್ತಾಗಲ್ವಾ?" ಮುಚ್ಚಳ ಮತ್ತೆ ಹಾಕಿದ. "ಆಮೇಲೆ ನಾನೂ ಕೂಗಿದೆ."

"ನೀನಾ? ಅವನಿಗಾ?"

"ಅಗೆಸಾಂದ್ರ ನಮ್ಮ ಮನೇಲಿ ಹುಟ್ಟಿದ ಹುಡುಗ ಅಲ್ವೇನೇ."

ಬಾರ್ಲಿ ರೊಟ್ಟಿ ಮುರಿದುಕೊಂಡು ಎದುರಿಗೆ ಕೂತಿದ್ದಾನೆ. ಬರೆದದ್ದು ಸಾಕು, ಬಾ ಅನ್ನುತ್ತಿದ್ದಾನೆ. ಈ ಮನುಷ್ಯನ ಜೊತೆ ಮೂವತ್ತಾರು ವರ್ಷ ಬಾಳಿದೆ, ಒಂದು ದಿನವೂ ಅವನಿಗೆ ನಾನು ಮರ್ಯಾದೆಯ ಪಾಲು ಕೊಟ್ಟವಳಲ್ಲ. ಇವತ್ತು ಈ ಮಾಂಸ —