ಇಲ್ಲದ ಬೀರುವಿನ ಸ್ಥಿರ ಬೆಲೆ

ಬಡ್ಡಿದರ ನಿಗದಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬೆಲೆಯೇರಿಕೆ ಹತೋಟಿಗೆ ಬಂದಿದೆ ಎಂದು ಕಳೆದ ವಾರ ತಾವು ಅಪ್ಪಣೆ ಕೊಡಿಸಿದಿರಿ. ಆ ಯಶಸ್ಸಿನಲ್ಲಿ ನನ್ನದೂ ಒಂದು ಪಾಲಿದೆ. ಅದೇ ಯಶಸ್ಸಿಗೆ ನನ್ನ ತಮ್ಮನ ಕೆಲಸ ಬಲಿಯಾಗಿದೆ. ಎರಡನ್ನೂ ಒಟ್ಟಿಗೆ ಹೇಳುವವರು ಯಾರೂ ಕಾಣದ ಕಾರಣ ನಾನೇ ಬರೆಯುತ್ತಿದ್ದೇನೆ.

ನಾನು ಬೆಲೆ ಬರೆದುಕೊಳ್ಳುವವಳು. ಬೆಲೆ ಸೂಚ್ಯಂಕವೆಂದು ತಾವು ಓದುವ ಅಂಕಿ ಆಕಾಶದಿಂದ ಉದುರುವುದಿಲ್ಲ; ನನ್ನಂಥವರು ಪ್ರತಿ ತಿಂಗಳೂ ಅದೇ ಅಂಗಡಿಗಳಿಗೆ ಹೋಗಿ, ಅದೇ ಎಣ್ಣೆ, ಅದೇ ಸೋಪು, ಅದೇ ಚಪ್ಪಲಿಯ ಬೆಲೆ ಕೇಳಿ ನಮೂನೆ ತುಂಬುತ್ತೇವೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನನ್ನನ್ನು ಕಂಡರೆ ಅಂಗಡಿಯವರು "ಬಂದ್ರಪ್ಪ, ಏನೂ ಕೊಳ್ಳದ ಗಿರಾಕಿ" ಎಂದು ನಗುತ್ತಾರೆ. ನನ್ನ ಪಟ್ಟಿಯಲ್ಲಿ ಎರಡು ಬಾಗಿಲಿನ ಮರದ ಬೀರುವೂ ಒಂದು. ಕಾರ್ಖಾನೆಯಲ್ಲಿ ಅದಕ್ಕೆ ಬಾಗಿಲು ಕೂರಿಸುತ್ತಿದ್ದವನು ನನ್ನ ತಮ್ಮ. ಮಾಲು ಅದೇ ಹೌದೋ ಅಲ್ಲವೋ ಎಂದು ನಾನು ಪ್ರತಿ ಸಲ ಬಾಗಿಲು ತೆರೆದು ಮುಚ್ಚಿ ನೋಡುತ್ತಿದ್ದೆ. ಸದ್ದೇ ಆಗುತ್ತಿರಲಿಲ್ಲ. ನಿಯಮಕ್ಕೆ ಅಷ್ಟೆಲ್ಲ ಬೇಕಿಲ್ಲ, ಹೆಮ್ಮೆಗೆ ಮಾಡುತ್ತಿದ್ದೆ.

ನ್ಯಾಯವಾಗಿ ಹೇಳಬೇಕು. ಬೆಲೆ ಗಗನಕ್ಕೇರಿದಾಗ ತಮಗೆ ಹಿಡಿಶಾಪ ಹಾಕಿದವರಲ್ಲಿ ನಾನೂ ಒಬ್ಬಳು. ವಯಸ್ಸಾದ ಹೆಂಗಸೊಬ್ಬರು ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ ಎತ್ತಿ, ಮತ್ತೆ ಇಟ್ಟು, ಅರ್ಧ ಲೀಟರಿನದನ್ನು ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ಏನಾದರೂ ಮಾಡಿ ಎಂದೆವು. ತಾವು ಬಡ್ಡಿ ಏರಿಸಿದಿರಿ, ಸಾಲದೆಂದು ಇನ್ನೂ ಏರಿಸಿದಿರಿ. ಎಣ್ಣೆ ತಮ್ಮ ಮಾತು ಕೇಳಲಿಲ್ಲ, ಮನೆ ಬಾಡಿಗೆಯೂ ಕೇಳಲಿಲ್ಲ. ಕೇಳಿದ್ದು ಪಾಪದ ಬೀರು. ಕಂತಿನ ಮೇಲೆ ಕೊಳ್ಳುತ್ತಿದ್ದವರು ಹಿಂದೆ ಸರಿದರು, ಅಂಗಡಿಯವನು ಬೆಲೆ ಇಳಿಸಿದ, ನಾನು ಸಂಭ್ರಮದಿಂದ ಬರೆದುಕೊಂಡು ಬಂದೆ. ಬುದ್ಧಿಗೆಟ್ಟವಳು, ತಮ್ಮನ ಮುಂದೆಯೇ ಹೇಳಿಕೊಂಡೆ.

"ನಿಂಗೆ ಖುಷಿನಾ ಅಕ್ಕಾ?" ಎಂದ. "ಮಾಲು ಹೋಗ್ತಿಲ್ಲ ಅಂತ ಇಳ್ಸಿದಾರೆ. ಗೋಡೌನಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಮುಂದಿನ ಸರದಿ ನಮ್ದೇ."

ಎರಡೇ ತಿಂಗಳಲ್ಲಿ ಇಪ್ಪತ್ತೆಂಟು ಮಂದಿಯನ್ನೂ ಮನೆಗೆ ಕಳಿಸಿ ಕಾರ್ಖಾನೆಗೆ ಬೀಗ ಹಾಕಿದರು. ಉದ್ಯೋಗ ಮಾರುಕಟ್ಟೆ 'ಸ್ವಲ್ಪ ತಣ್ಣಗಾಗಬೇಕು' ಎಂದಿದ್ದಿರಲ್ಲ? ತಣ್ಣಗಾಗಿದೆ. ತಮ್ಮನ ಹೆಂಡತಿ ಈಗಲೂ ಬುತ್ತಿ ಕಟ್ಟುವ ಹೊತ್ತಿಗೇ ಏಳುತ್ತಾಳೆ. ಕಟ್ಟಲು ಬುತ್ತಿಯಿಲ್ಲ, ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಾಳೆ.

ಆದರೆ ತಮ್ಮ ಕಾಗದಗಳಲ್ಲಿ ಅವನು ನಿರುದ್ಯೋಗಿಯೂ ಅಲ್ಲ! ಉದ್ಯೋಗ ಸಮೀಕ್ಷೆಯವರು ಬಂದು "ಹೋದ ವಾರ ಒಂದ್ ಗಂಟೆಯಾದ್ರೂ ಕೂಲಿಗೆ ಕೆಲಸ ಮಾಡಿದ್ರಾ?" ಎಂದು ಕೇಳಿದರು. ಪಕ್ಕದ ಮನೆಯ ಜೋತುಬಿದ್ದ ಬಾಗಿಲನ್ನು ಚಿಲ್ಲರೆ ಕಾಸಿಗೆ ಸರಿಮಾಡಿಕೊಟ್ಟಿದ್ದ. "ಮಾಡ್ದೆ" ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲ, ಪೆದ್ದ. ಉದ್ಯೋಗವಿದೆ ಎಂದು ಗುರುತು ಹಾಕಿಕೊಂಡು ಹೋದರು.

ಈ ತಿಂಗಳು ಅಂಗಡಿಗೆ ಹೋದರೆ ಬೀರು ಇದ್ದ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳು. "ಫ್ಯಾಕ್ಟರಿನೇ ಮುಚ್ಚೋಯ್ತಲ್ಲ ಮೇಡಂ, ನಿಮ್ಗೆ ಗೊತ್ತಿಲ್ವಾ?" ಎಂದ ಅಂಗಡಿಯವನು. ಗೊತ್ತಿತ್ತು. ನಮ್ಮ ಕಚೇರಿಯ ನಿಯಮವೂ ಗೊತ್ತಿತ್ತು: ಮಾಲು ಸಿಗದಿದ್ದರೆ ಹೋದ ತಿಂಗಳ ಬೆಲೆಯನ್ನೇ ಮತ್ತೆ ಬರೆಯಬೇಕು. ಬರೆದೆ. ಬೀರುವಿನ ಬೆಲೆ ಸ್ಥಿರವಾಗಿದೆ ಎಂದು ತಮ್ಮ ಮುಂದಿನ ವರದಿ ಹೇಳುತ್ತದೆ, ತಾವು ಓದಿ ಸಮಾಧಾನ ಪಡುತ್ತೀರಿ. ಮಾಡುವವರೂ ಇಲ್ಲದ, ಮಾರುವವರೂ ಇಲ್ಲದ ಬೀರುವಿನ ಬೆಲೆ ಏರಲು ಹೇಗೆ ಸಾಧ್ಯ, ಸ್ವಾಮಿ? ಅದನ್ನು ಬರೆಯುವಾಗ ನನಗೆ ನಾಚಿಕೆಯಾಯಿತು.

ಬೆಲೆಯ ಸ್ಥಿರತೆ, ಜನರಿಗೆ ಕೆಲಸ, ಎರಡೂ ತಮ್ಮ ಸಂಸ್ಥೆಯ ಗುರಿಗಳಂತೆ. ಒಂದನ್ನು ಬಿಗಿಹಿಡಿದರೆ ಇನ್ನೊಂದು ಕೈ ಜಾರುತ್ತದೆ ಎಂಬುದು ನನಗೂ ಅರ್ಥವಾಗುತ್ತದೆ. ಅದು ತಮ್ಮ ತಪ್ಪೆನ್ನಲಾರೆ. ಜಾರಿ ಬಿದ್ದದ್ದರ ಕಡೆ ತಿರುಗಿಯೂ ನೋಡದಿರುವುದು ತಪ್ಪು. ಎಣ್ಣೆ ತುಟ್ಟಿಯಾದದ್ದು ಎಲ್ಲೋ ಬೆಳೆ ಕೈಕೊಟ್ಟದ್ದಕ್ಕೆ. ಅದಕ್ಕೆ ಬೀರು ಮಾಡುವವನು ದಂಡ ತೆರಬೇಕೇ?

ಕಾರ್ಖಾನೆಯ ಯಜಮಾನರು ಯಂತ್ರಗಳನ್ನು ಇನ್ನೂ ಮಾರಿಲ್ಲ. ತಮ್ಮ ಮುಂದಿನ ಸಭೆಯವರೆಗೆ ಕಾಯುತ್ತಾರಂತೆ. ಬಡ್ಡಿ ಇಳಿದರೆ ಬೀಗ ತೆಗೆಯುತ್ತಾರೆ, ಇಲ್ಲವಾದರೆ ಯಂತ್ರಗಳು ಗುಜರಿಗೆ. ಹಾಗಾಗಿ ಕೇಳುತ್ತಿದ್ದೇನೆ: ಆ ಸಭೆಯಲ್ಲಿ ಬಡ್ಡಿ ಇಳಿಸಿ. ಆಗುವುದಿಲ್ಲವೆಂದಾದರೆ, ಬೆಲೆ ಇಳಿಸಲು ಎಷ್ಟು ಜನರ ಕೆಲಸ ತೆಗೆದಿರಿ ಎಂಬುದನ್ನೂ ಅದೇ ಪ್ರಕಟಣೆಯಲ್ಲಿ ತಮ್ಮ ಬಾಯಿಂದಲೇ ಹೇಳಿ. ಒಂದು ಗಂಟೆಯ ಉದ್ಯೋಗಿಗಳನ್ನೂ ಸೇರಿಸಿಕೊಳ್ಳಿ.

ಬರುವ ತಿಂಗಳು ನಾನಂತೂ ಹಳೆಯ ಬೆಲೆ ಬರೆಯುವುದಿಲ್ಲ. ಆ ಜಾಗದಲ್ಲಿ 'ಮಾಡುವವರು ಮನೆಯಲ್ಲಿದ್ದಾರೆ' ಎಂದು ಬರೆಯುತ್ತೇನೆ. ನಿಯಮ ಮುರಿದದ್ದಕ್ಕೆ ನನ್ನ ಕೆಲಸವೂ ಹೋದರೆ, ಸಮೀಕ್ಷೆಯವರಿಗೆ ಹೇಳಿಡಿ: ತಮ್ಮನ ಪಕ್ಕದಲ್ಲೇ ಕೂತಿರುತ್ತೇನೆ, ಇಬ್ಬರನ್ನೂ ಒಟ್ಟಿಗೆ ಕೇಳಿಕೊಂಡು ಹೋಗಲಿ.

ಇಂತಿ,
ಬೆಲೆ ಇಳಿದ ಸುದ್ದಿಯನ್ನು ಸಂತೋಷದಿಂದ ಬರೆದು ಕಳಿಸಿದವಳು,
ಬೀರುವಿಗೆ ಬಾಗಿಲು ಕೂರಿಸುತ್ತಿದ್ದವನ ಅಕ್ಕ