ಕಿವಿಗೆ ಹೋದ ಕೈ

ಯಳವತ್ತಿ,
ಮಂಗಳವಾರ

ಪೂಜ್ಯ ಗುರುಗಳಿಗೆ ನಿಮ್ಮ ಶೈಲಾ ಮಾಡುವ ನಮಸ್ಕಾರಗಳು.

“ತಪ್ಪಾತು ಅಂತ ಬರದು ಕೊಡು, ಅಲ್ಲೀತನಕ ಗದಗಿಗೆ ಪಾಠಕ್ಕ ಬರಬ್ಯಾಡ” ಅಂದಿದ್ರಿ. ಅದಕ್ಕ ಬರ್ಯಾಕ ಕುಂತೀನ್ರಿ.

ಮುಂಡರಗಿ ಕಾರ್ಯಕ್ರಮದಾಗ ಖಯಾಲ್ ಮುಗಿಸಿ, ಮಂದಿ ಕೇಳಿದ್ರು ಅಂತ ಒಂದು ಸಿನಿಮಾ ಹಾಡು ಹಾಡಿಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳಲಾರದ ಹಾಡಿದ್ದು ಖರೇನ ತಪ್ಪು. ನಿಮ್ಮ ಕಾಲಿಗೆ ಬೀಳ್ತೀನಿ. ಆದ್ರ “ಸಿನಿಮಾಕ್ಕ ಹಾಡು ಕಟ್ಟಾವ್ರನ್ನ ನಮ್ಮ ಹಿರ್ಯಾರ ಪಂಕ್ತಿಗೆ ಕೂಡಸ್ತೀಯೇನ?” ಅಂತ ಬೈದ್ರಲ್ಲ, ಅದಕ್ಕ ತಪ್ಪಾತು ಅಂತ ಬರ್ಯಾಕ ಕೈ ಏಳವಲ್ದು.

ದೊಡ್ಡ ಗವಾಯಿಗಳ ಹೆಸರು ಬಾಯಾಗ ಬಂದ್ರ ಗೌರವಕ್ಕ ಕಿವಿ ಮುಟ್ಟಿಕೋಬೇಕು ಅಂತ ಮೊದಲನೇ ಪಾಠದಾಗ ಕಲಿಸಿದಾವ್ರು ನೀವ. ಅವತ್ತು ಬೈಯುವಾಗ ಆ ಹಾಡು ಕಟ್ಟಿದವ್ರ ಹೆಸರು ಹೇಳಿದ್ರಿ. ಬಾಯಾಗ ಸಿಟ್ಟಿತ್ತು. ಕೈ ಮಾತ್ರ ತಾನಾಗೇ ಹೋಗಿ ಕಿವಿ ಮುಟ್ಟಿತು. ನಿಮಗ ಗೊತ್ತಾಗಲಿಲ್ಲ. ನಾ ನೋಡಿದೆ. ಯಾರ ಮುಂದೂ ಹೇಳಿಲ್ರಿ.

ಅವ್ವ ಶೇಂಗಾ ಚಟ್ನಿ ಕುಟ್ಯಾಳ. ನಿಮ್ಮ ಗಂಟಲಕ್ಕ ಆಗೂದಿಲ್ಲಂತ ಖಾರ ಕಮ್ಮಿ ಹಾಕಿಸೀನಿ. ಡಬ್ಬಿ ತಗೊಂಡು ಸೋಮವಾರ ಮುಂಜಾನಿ ಲಕ್ಷ್ಮೇಶ್ವರದ ಬಸ್ಸಿಗೆ ಗದಗಿಗೆ ಬರ್ತೀನಿ.

ಒಳಗ ಬರೂದಿಲ್ಲ, ಬಾಗಲದಾಗ ನಿಲ್ತೀನಿ. ಆ ಹೆಸರು ಇನ್ನೊಮ್ಮೆ ಹೇಳ್ರಿ. ನಿಮ್ಮ ಕೈ ತೊಡಿ ಮ್ಯಾಲೇ ಉಳೀತಂದ್ರ, ನೀವು ಹೇಳಿದ್ದೆಲ್ಲಾ ಅಲ್ಲೇ ನಿಂತು ಬರದು ಕೊಡ್ತೀನಿ. ಉಳೀಲಿಲ್ಲಂದ್ರ, ಏನೂ ಮಾತಾಡಬ್ಯಾಡ್ರಿ, ತಂಬೂರಿ ನನ್ನ ಕೈಗೆ ಕೊಡ್ರಿ.

ನಿಮ್ಮ ಬೈಗಳಕ್ಕ ಕಾದಿರುವ,
ಶೈಲಾ