ಇಂಜಿನ್ ಮೇಲಿದ್ದ ಬಿಳಿ ಗೆರೆ

ಅಪ್ಪ, ನಿನಗೆ ಕಾಣಲಿ ಅಂತ ದಪ್ಪಕ್ಷರದಲ್ಲಿ ಬರೆದಿದ್ದೀನಿ.

ಗಾಡಿಗೆ ಹೊಸ ವಾಟರ್ ಪಂಪ್ ಕೂರಿಸಿ ಆಯ್ತು. ಟೈಮಿಂಗ್ ಬೆಲ್ಟ್ ಬಾಕಿ. ಅದು ಸರಿಯಾಗಿ ಕೂರಲಿ ಅಂತ ಇಂಜಿನ್ನಿನ ಹಲ್ಲಿನ ಚಕ್ರಗಳ ಮೇಲೆ ಬಿಳಿ ಗೆರೆ ಎಳೆದಿದ್ದೆ. ನಾನು ಊಟ ಮುಗಿಸಿ ಬರೋದ್ರೊಳಗೆ ನೀನು ಎಲ್ಲಾ ಪಳಪಳ ಅನ್ನೋ ಹಾಗೆ ಒರೆಸಿಟ್ಟಿದ್ದೀಯ. ಬೆಲ್ಟ್ ಒಂದು ಹಲ್ಲು ಆಚೀಚೆ ಆದ್ರೂ ಇಂಜಿನ್ ಕಥೆ ಮುಗೀತು.

ಬೈಯೋಣ ಅಂತ ಒಳಗೆ ಬಂದ್ರೆ ನೀನು ನಿದ್ದೆ ಮಾಡ್ತಿದ್ದೆ. ಗ್ಯಾರೇಜ್ ಮೇಸ್ತ್ರಿನ ಕರ್ಕೊಂಡು ಬರ್ತೀನಿ.

ಗಾಡಿ ಕೀ ಮುಟ್ಟಬೇಡ. ಒರೆಸೋ ಬಟ್ಟೆನೂ ಮುಟ್ಟಬೇಡ. ಕಣ್ಣಿಗೆ ಡ್ರಾಪ್ಸ್ ಹಾಕ್ಕೋ.

ಗೆರೆ ಕಾಣದೆ ಒರೆಸಿದೆಯೋ, ಗಾಡಿ ನಿಂತ್ರೆ ನಾಳೆ ಕಣ್ಣಿನ ಆಪರೇಷನ್ನೂ ನಿಲ್ಲುತ್ತೆ ಅಂತ ಒರೆಸಿದೆಯೋ, ನಾನು ಕೇಳಲ್ಲ. ಭಯ ನನಗೂ ಇದೆ. ಗಾಡಿ ಆಗದಿದ್ರೆ ಬಸ್ಸಲ್ಲಿ ಹೋಗೋಣ. ಅದರ ಇಂಜಿನ್ ನಿನ್ನ ಕೈಗೆ ಸಿಗಲ್ಲ.